ಕ್ಯಾಡ್ ಕಟ್ಟೆ: ಮ್ಯಾಕ್ರೋ ಕಲಿಯುವವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡಿನ ಮ್ಯಾಕ್ರೋ ಬಗ್ಗೆಯೇ ಇವೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಮಾಂಡುಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕೀಬೋರ್ಡಿನಲ್ಲಿ ಹೊಡೆಯುವಾಗ ಇಂಗ್ಲಿಷ್ ಸ್ಪೆಲ್ಲಿಂಗನ್ನೇ ಹೊಡೆಯಿರಿ. ಮನೆ ಪ್ಲಾನಿನ ಅಳತೆ ಎಲ್ಲವೂ ಇಂಚಿನಲ್ಲಿ. ನಮ್ಮ ಬಳ್ಳಾರಿ ಕಡೆ ಮೇಸ್ತ್ರಿಗೆ ಮಿಲಿಮೀಟರ್ ಹೇಳಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಪ್ರಶ್ನೆ: ಅಕ್ಕಾ, ನಾನು ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಸಿವಿಲ್ ಮುಗಿಸಿ ಒಬ್ಬ ಇಂಜಿನಿಯರ್ ಆಫೀಸಿಗೆ ಸೇರಿದ್ದೇನೆ. ದಿನಾ 30-40 ಸೈಟಿನ ಮನೆ ಪ್ಲಾನು. ಅದೇ ಗೋಡೆ, ಅದೇ ಕಾಲಂ, ಅದೇ ಲೇಯರ್. ಮ್ಯಾಕ್ರೋ ಕಲಿತರೆ ಬೇಗ ಆಗುತ್ತದೆ ಅಂತ ಸೀನಿಯರ್ ಹೇಳಿದರು. ವಿಡಿಯೋ ನೋಡಿದರೆ ಬರೀ ಬ್ರಾಕೆಟ್ಟು. ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?
— ಎಸ್.ಬಿ., ಕೊಪ್ಪಳ

ಉತ್ತರ: ತಂಗಿ, ಬ್ರಾಕೆಟ್ಟು ಆಮೇಲೆ. ಮೊದಲು ನಿಮ್ಮ ಕೈ ಏನು ಮಾಡುತ್ತದೆ ಅಂತ ನೋಡಿ.

ಮ್ಯಾಕ್ರೋ ಅಂದರೆ ನೀವು ದಿನಾ ಒತ್ತುವ ಕೀಲಿಗಳನ್ನೇ ಸಾಲಾಗಿ ಬರೆದಿಟ್ಟದ್ದು. ಹಾಗಾಗಿ ಏನು ಒತ್ತುತ್ತೀರಿ ಅನ್ನುವುದು ನಿಮಗೆ ಗೊತ್ತಿರಬೇಕು. ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಕೈ ತಾನಾಗಿ ಓಡುತ್ತಿರುತ್ತದೆ, ತಲೆಗೆ ಅದರ ಲೆಕ್ಕವೇ ಇರುವುದಿಲ್ಲ. ನಾಳೆ ಒಂದು ಪ್ಲಾನು ಮಾಡಿದ ಮೇಲೆ ಎಫ್2 ಒತ್ತಿ. ನೀವು ಕೊಟ್ಟ ಕಮಾಂಡು, ಅದು ಕೇಳಿದ ಪ್ರಶ್ನೆ, ನೀವು ಹೇಳಿದ ಉತ್ತರ ಎಲ್ಲವೂ ಒಂದು ಕಿಟಕಿಯಲ್ಲಿ ಸಾಲಾಗಿ ಕಾಣುತ್ತವೆ. ಅದರಲ್ಲಿ ಪದೇ ಪದೇ ಬರುವ ತುಂಡನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಎಂಟರ್ ಒತ್ತಿದ್ದನ್ನೂ ಬಿಡದೆ ಬರೆಯಿರಿ. ಮೌಸಿನಿಂದ ತೋರಿಸಿದ ಜಾಗಕ್ಕೆ ಒಂದು ಗುರುತು ಹಾಕಿ. ಈ ಹಾಳೆ ಸರಿಯಾಗಿ ಆಯಿತು ಅಂದರೆ ಮ್ಯಾಕ್ರೋ ಅರ್ಧ ಬರೆದ ಹಾಗೆ.

ಕಮಾಂಡಿನ ಅಡ್ಡ ಹೆಸರು ನಿಮಗೆ ಗೊತ್ತಿರಬಹುದು. ಲೈನಿಗೆ ಎಲ್, ಸರ್ಕಲ್ಲಿಗೆ ಸಿ. ಇವೆಲ್ಲ ಪಿಜಿಪಿ ಅನ್ನುವ ಫೈಲಿನಲ್ಲಿ ಇರುತ್ತವೆ. ಚಿಕ್ಕ ಹೆಸರು, ಒಂದು ಕಾಮಾ, ನಕ್ಷತ್ರ ಚಿಹ್ನೆ, ಪೂರ್ತಿ ಕಮಾಂಡು, ಅಷ್ಟೇ. ನಿಮಗೆ ಬೇಕಾದ್ದನ್ನು ಸೇರಿಸಿ, ರೀಇನಿಟ್ ಕಮಾಂಡ್ ಕೊಟ್ಟರೆ ಕೆಲಸ ಮಾಡುತ್ತದೆ. ಇದನ್ನು ಮ್ಯಾಕ್ರೋ ಅಂತ ಯಾರೂ ಕರೆಯುವುದಿಲ್ಲ, ಆದರೆ ಇದೊಂದರಿಂದಲೇ ಕೈಗೆ ಎಷ್ಟೋ ಆರಾಮ.

ಆಮೇಲೆ ಬಟನ್. ಸಿಯುಐ ಕಮಾಂಡ್ ಕೊಟ್ಟು ಹೊಸ ಕಮಾಂಡ್ ಮಾಡಿದರೆ ಅಲ್ಲಿ ಮ್ಯಾಕ್ರೋ ಅಂತ ಒಂದು ಖಾನೆ ಇರುತ್ತದೆ. ಗೋಡೆಯ ಲೇಯರ್, ಅಂದರೆ ಗೋಡೆಯ ಗೆರೆಗಳಿಗೇ ಮೀಸಲಾದ ಪದರ ಮಾಡಲು ಅದರಲ್ಲಿ ಹೀಗೆ ಬರೆಯಬೇಕು:

^ಸಿ^ಸಿ_-ಲೇಯರ್;_ಎಂ;ವಾಲ್;_ಸಿ;1;;;

ಮಂತ್ರದ ಹಾಗೆ ಕಾಣುತ್ತದೆ, ಅಲ್ವಾ? ಬಿಡಿಸಿ ನೋಡಿ. ಮೊದಲಿನ ^ಸಿ ಅಂದರೆ ಎಸ್ಕೇಪ್ ಒತ್ತಿದ ಹಾಗೆ. ಅರ್ಧಕ್ಕೆ ನಿಂತ ಹಳೆ ಕಮಾಂಡ್ ಇದ್ದರೆ ಹೋಗಲಿ ಅಂತ ಎರಡು ಸಲ. ಲೇಯರ್ ಪದಕ್ಕೆ ಮೊದಲು ಬರುವ ಅಡ್ಡಗೆರೆ (-) ಬಹಳ ಮುಖ್ಯ. ಅದಿದ್ದರೆ ಲೇಯರಿನ ದೊಡ್ಡ ಕಿಟಕಿ ತೆರೆಯುವುದಿಲ್ಲ, ಪ್ರಶ್ನೆಗಳು ಕಮಾಂಡ್ ಸಾಲಿನಲ್ಲೇ ಬರುತ್ತವೆ. ಕಿಟಕಿ ತೆರೆದರೆ ಮ್ಯಾಕ್ರೋ ಅಲ್ಲೇ ನಿಂತುಬಿಡುತ್ತದೆ, ಕಿಟಕಿಯೊಳಗಿನ ಬಟನ್ ಒತ್ತಲು ಅದಕ್ಕೆ ಬರುವುದಿಲ್ಲ. ಎಂ ಅಂದರೆ ಹೊಸ ಲೇಯರ್ ಮಾಡು, ಅದನ್ನೇ ಚಾಲ್ತಿಯಲ್ಲಿಡು. ಸಿ ಅಂದರೆ ಬಣ್ಣ. 1 ಅಂದರೆ ಕೆಂಪು. ಸೆಮಿಕೋಲನ್ ಇರುವ ಕಡೆಯೆಲ್ಲ ಎಂಟರ್ ಅಂತ ಓದಿಕೊಳ್ಳಿ. ಕೆಳಗೆರೆ (_) ಇದ್ದರೆ ಬೇರೆ ಭಾಷೆಯ ಆಟೋಕ್ಯಾಡಿನಲ್ಲೂ ಅದೇ ಕಮಾಂಡ್ ನಡೆಯುತ್ತದೆ. ಕೊಪ್ಪಳದಲ್ಲಿ ಜರ್ಮನ್ ಆಟೋಕ್ಯಾಡ್ ಯಾರೂ ಇಟ್ಟಿಲ್ಲ, ಆದರೂ ರೂಢಿ ಇರಲಿ.

ಕೊನೆಗೆ ಮೂರು ಸೆಮಿಕೋಲನ್ ಯಾಕೆ? ಇಲ್ಲೇ ಹೊಸಬರು ಎಡವುವುದು. ಮೊದಲನೆಯದು ಬಣ್ಣಕ್ಕೆ ಕೊಟ್ಟ ಎಂಟರ್. ಆಗ ಅದು ‘ಯಾವ ಲೇಯರಿಗೆ ಈ ಬಣ್ಣ’ ಅಂತ ಕೇಳಿ, ವಾಲ್ ಅಂತ ತಾನೇ ತೋರಿಸುತ್ತದೆ. ಅದಕ್ಕೆ ಎರಡನೆಯ ಎಂಟರ್. ಮೂರನೆಯದು ಲೇಯರ್ ಕಮಾಂಡಿನಿಂದಲೇ ಹೊರಗೆ ಬರಲು. ಅದನ್ನು ಬಿಟ್ಟರೆ ನೀವಿನ್ನೂ ಒಳಗೇ ಇರುತ್ತೀರಿ. ಲೈನ್ ಎಳೆಯೋಣ ಅಂತ ಎಲ್ ಒತ್ತಿದರೆ ಅದನ್ನೂ ಲೇಯರ್ ಕಮಾಂಡೇ ನುಂಗುತ್ತದೆ. ನೋಟ್‌ಬುಕ್ಕಿನಲ್ಲಿ ಎಂಟರನ್ನೂ ಬರೆಯಿರಿ ಅಂದದ್ದು ಇದಕ್ಕೇ.

ಮೌಸಿನಿಂದ ತೋರಿಸಬೇಕಾದ ಕಡೆ ಹಿಂದಕ್ಕೆ ವಾಲಿದ ಗೆರೆ, ಅಂದರೆ \ ಹಾಕಿ. ಮ್ಯಾಕ್ರೋ ಅಲ್ಲಿ ನಿಂತು ನಿಮಗಾಗಿ ಕಾಯುತ್ತದೆ. ಒಂದು ಗೆರೆಯ ಪಕ್ಕ ಸಮಾಂತರವಾಗಿ ಇನ್ನೊಂದನ್ನು ಎಳೆಯುವ ಕಮಾಂಡ್ ಆಫ್‌ಸೆಟ್. ಒಂಬತ್ತು ಇಂಚಿನ ಗೋಡೆಗೆ ಹೀಗೆ:

^ಸಿ^ಸಿ_ಆಫ್‌ಸೆಟ್;9;\\;

ಮೊದಲ \ ಗೆರೆ ಆರಿಸಲು, ಎರಡನೆಯದು ಯಾವ ಪಕ್ಕ ಅಂತ ತೋರಿಸಲು, ಕೊನೆಯ ಎಂಟರ್ ಮುಗಿಸಲು. ಇಂಥ ಬಟನ್ ನಾಲ್ಕೈದು ಮಾಡಿಕೊಂಡು ಸ್ವಲ್ಪ ದಿನ ಬಳಸಿ. ಯಾವುದು ಉಪಯೋಗ, ಯಾವುದು ಸುಮ್ನೆ ಅಲಂಕಾರ ಅಂತ ತಾನೇ ಗೊತ್ತಾಗುತ್ತದೆ. ಅಲಂಕಾರದ್ದನ್ನು ಅಳಿಸಿಬಿಡಿ.

ಇಷ್ಟಾದ ಮೇಲೆ ನೀವು ಹೆದರಿದ ಬ್ರಾಕೆಟ್ಟಿಗೆ ಬನ್ನಿ. ಅದರ ಹೆಸರು ಆಟೋಲಿಸ್ಪ್. ಆಟೋಕ್ಯಾಡ್ ಬಂದದ್ದು 1982ರಲ್ಲಿ, ಅದಕ್ಕೆ ಲಿಸ್ಪ್ ಸೇರಿದ್ದು 1986ರಲ್ಲಿ. ಮೂಲ ಲಿಸ್ಪ್ ಇನ್ನೂ ಹಳೆಯದು, 1958ರಲ್ಲಿ ಜಾನ್ ಮೆಕಾರ್ಥಿ ಅನ್ನುವವರು ಅಮೆರಿಕದ ಎಂಐಟಿಯಲ್ಲಿ ರೂಪಿಸಿದ್ದು. ನೀವು ಹುಟ್ಟುವ ಮೊದಲು ಬರೆದ ಲಿಸ್ಪ್ ಫೈಲುಗಳು ಈಗಲೂ ಎಷ್ಟೋ ಆಫೀಸುಗಳಲ್ಲಿ ಓಡುತ್ತಿವೆ. ಕಲಿತದ್ದು ಬೇಗ ಹಳತಾಗುವುದಿಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ಒಂಬತ್ತಕ್ಕೆ ಹನ್ನೆರಡು ಇಂಚಿನ ಕಾಲಂ ಹಾಕುವ ಲಿಸ್ಪ್ ಇಷ್ಟೇ:

(ಡೆಫನ್ ಸಿ:ಕೆಕೆ ( / ಪಿ)
(ಸೆಟ್‌ಕ್ಯೂ ಪಿ (ಗೆಟ್‌ಪಾಯಿಂಟ್ "ಮೂಲೆ: "))
(ಕಮಾಂಡ್ "_.ರೆಕ್ಟ್ಯಾಂಗ್" ಪಿ "@9,12")
(ಪ್ರಿಂಕ್))

ಡೆಫನ್ ಅಂದರೆ ಹೊಸ ಕೆಲಸಕ್ಕೆ ಹೆಸರಿಡುವುದು. ಹೆಸರಿನ ಮುಂದೆ ಸಿ: ಇದ್ದರೆ ಅದು ಕಮಾಂಡ್ ಆಗುತ್ತದೆ, ಕೆಕೆ ಅಂತ ಹೊಡೆದರೆ ಸಾಕು. ಓರೆಗೆರೆಯ ಪಕ್ಕದ ಪಿ ಈ ಕೆಲಸಕ್ಕೆ ಮಾತ್ರ ಸೇರಿದ್ದು, ಮುಗಿದ ಮೇಲೆ ಮರೆತುಬಿಡು ಅಂತ ಅರ್ಥ. ಎರಡನೆಯ ಸಾಲು ಮೂಲೆ ಎಲ್ಲಿ ಅಂತ ಕೇಳಿ, ನೀವು ತೋರಿಸಿದ್ದನ್ನು ಪಿ ಅನ್ನುವ ಹೆಸರಿನಲ್ಲಿ ಇಟ್ಟುಕೊಳ್ಳುತ್ತದೆ. ಮೂರನೆಯ ಸಾಲು ನಿಮ್ಮ ನೋಟ್‌ಬುಕ್ಕಿನದೇ. ರೆಕ್ಟ್ಯಾಂಗ್ ಅಂದರೆ ಆಯತ, ಒಂದು ಮೂಲೆ, ಅಲ್ಲಿಂದ 9 ಬಲಕ್ಕೆ 12 ಮೇಲಕ್ಕೆ. ಕೊನೆಯ ಪ್ರಿಂಕ್ ಇಲ್ಲದಿದ್ದರೆ ‘ನಿಲ್’ ಅಂತ ಒಂದು ಪದ ಬರುತ್ತದೆ. ಅದರಿಂದ ತೊಂದರೆ ಏನಿಲ್ಲ, ನೋಡಲು ಚೆಂದ ಇರುವುದಿಲ್ಲ.

ನೋಟ್‌ಪ್ಯಾಡಿನಲ್ಲಿ ಬರೆದು, ಕೊನೆಗೆ ಎಲ್‌ಎಸ್‌ಪಿ ಬರುವ ಹಾಗೆ ಸೇವ್ ಮಾಡಿ. ಆಪ್‌ಲೋಡ್ ಕಮಾಂಡಿನಿಂದ ಒಳಗೆ ತನ್ನಿ. ದಿನಾ ಬೇಕು ಅಂದರೆ ಅದೇ ಕಿಟಕಿಯ ಸ್ಟಾರ್ಟಪ್ ಸೂಟಿಗೆ ಸೇರಿಸಿ. ಕಮಾಂಡ್ ಸಾಲಿನಲ್ಲಿ (_> ಅಂತ ಕಂಡರೆ ಒಂದು ಬ್ರಾಕೆಟ್ ಮುಚ್ಚಿಲ್ಲ ಅಂತ ಅರ್ಥ. ತೆರೆದದ್ದೆಷ್ಟು, ಮುಚ್ಚಿದ್ದೆಷ್ಟು ಎಣಿಸಿ. ವಿಎಲ್‌ಐಡಿಇ ಕಮಾಂಡ್ ಕೊಟ್ಟರೆ ಬರುವ ಎಡಿಟರಿನಲ್ಲಿ ಜೋಡಿ ಬ್ರಾಕೆಟ್ ಹುಡುಕಿ ತೋರಿಸುವ ಸೌಲಭ್ಯವಿದೆ, ಬೆರಳಿಟ್ಟು ಎಣಿಸಬೇಕಾಗಿಲ್ಲ.

ಇನ್ನೊಂದು ವಿಷಯ. ರೆಕ್ಟ್ಯಾಂಗ್ ಕಮಾಂಡಿಗೆ ನೆನಪಿನ ಶಕ್ತಿ ಜಾಸ್ತಿ. ಹಿಂದೆ ಯಾವಾಗಲೋ ಸಿಂಕ್ ಬರೆಯುವಾಗ ಮೂಲೆ ದುಂಡಗೆ ಮಾಡಿದ್ದರೆ ನಿಮ್ಮ ಕಾಲಮ್ಮುಗಳೂ ದುಂಡು ಮೂಲೆಯಲ್ಲೇ ಬರುತ್ತವೆ. ಆಗ ಮ್ಯಾಕ್ರೋ ಕೆಟ್ಟಿದೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ರೆಕ್ಟ್ಯಾಂಗ್ ಕೊಟ್ಟು ಎಫ್ ಒತ್ತಿ ಸೊನ್ನೆ ಮಾಡಿ.

ಪ್ರಶ್ನೆ: ಮೇಡಂ, ನಮ್ಮದು ಫ್ಯಾಬ್ರಿಕೇಶನ್ ವರ್ಕ್‌ಶಾಪ್, ರೈಸ್ ಮಿಲ್ಲಿನ ಶೆಡ್ಡುಗಳನ್ನು ಮಾಡುತ್ತೇವೆ. ಗೆಳೆಯನ ಹತ್ತಿರ ಒಂದು ಲಿಸ್ಪ್ ತಗೊಂಡೆ, ಬೇಸ್ ಪ್ಲೇಟಿಗೆ ತೂತು ಹಾಕಿಕೊಡುತ್ತದೆ. ಆದರೆ ಅದನ್ನು ಓಡಿಸಿದ ಮೇಲೆ ಎಷ್ಟೋ ಸಲ ಆಸ್‌ನ್ಯಾಪ್ ಮಾಯ. ಎಂಡ್ ಪಾಯಿಂಟೂ ಹಿಡಿಯುವುದಿಲ್ಲ. ಆಟೋಕ್ಯಾಡೇ ಹಾಳಾಯಿತಾ?
— ಒಬ್ಬ ಓದುಗರು, ಗಂಗಾವತಿ

ಉತ್ತರ: ಆಟೋಕ್ಯಾಡ್ ಚೆನ್ನಾಗಿದೆ ಸರ್. ಗೆಳೆಯರ ಲಿಸ್ಪ್ ಮನೆಗೆ ಬಂದು ಫ್ಯಾನ್ ಆರಿಸಿ ಹೋದ ನೆಂಟರ ಹಾಗೆ.

ಗೆರೆಯ ತುದಿ, ಮಧ್ಯ ಇಂಥ ಬಿಂದುಗಳನ್ನು ತಾನಾಗಿ ಹಿಡಿಯುವ ಸೌಲಭ್ಯವೇ ಆಸ್‌ನ್ಯಾಪ್. ಆಗುವುದು ಇಷ್ಟು. ಲಿಸ್ಪ್ ಒಂದು ಬಿಂದುವನ್ನು ಲೆಕ್ಕ ಹಾಕಿ ಕೊಟ್ಟಾಗ, ಆಸ್‌ನ್ಯಾಪ್ ಚಾಲೂ ಇದ್ದರೆ ಅದು ಹತ್ತಿರದ ಬೇರೆ ಗೆರೆಯ ತುದಿಗೆ ಎಳೆದುಕೊಳ್ಳಬಹುದು. ಜೂಮ್ ಹತ್ತಿರ ಇದ್ದಾಗ ತೂತು ಸರಿಯಾಗಿ ಬೀಳುತ್ತದೆ. ದೂರ ಮಾಡಿ ಓಡಿಸಿದರೆ ಪ್ಲೇಟಿನ ಮೂಲೆಗೆ ಹೋಗಿ ಕೂರುತ್ತದೆ. ಇದನ್ನು ತಪ್ಪಿಸಲು ಬರೆದವರು ಮೊದಲು ಆಸ್‌ಮೋಡ್ ಅನ್ನುವ ಸೆಟ್ಟಿಂಗನ್ನು ಸೊನ್ನೆ ಮಾಡುತ್ತಾರೆ, ಕೊನೆಗೆ ಹಳೆ ಸಂಖ್ಯೆಯನ್ನು ವಾಪಸ್ ಇಡುತ್ತಾರೆ. ನೀವು ಮಧ್ಯದಲ್ಲಿ ಎಸ್ಕೇಪ್ ಒತ್ತಿದರೆ ಆ ಕೊನೆಯ ಸಾಲಿನವರೆಗೆ ಅದು ಹೋಗುವುದೇ ಇಲ್ಲ. ಸೊನ್ನೆ ಸೊನ್ನೆಯಾಗೇ ಉಳಿಯುತ್ತದೆ.

ಸದ್ಯಕ್ಕೆ ಆಸ್‌ನ್ಯಾಪ್ ಕಿಟಕಿ ತೆರೆದು ನಿಮಗೆ ಬೇಕಾದ್ದಕ್ಕೆ ಟಿಕ್ ಹಾಕಿಕೊಳ್ಳಿ. ಶಾಶ್ವತವಾಗಿ ಸರಿ ಮಾಡಲು ಎರಡು ದಾರಿ ಇವೆ. ಒಂದು, *ಎರರ್* ಅನ್ನುವ ಹೆಸರಿನ ಭಾಗ ಬರೆದು, ಅರ್ಧಕ್ಕೆ ನಿಂತರೂ ಹಳೆ ಸೆಟ್ಟಿಂಗ್ ವಾಪಸ್ ಬರುವ ಹಾಗೆ ಮಾಡುವುದು. ಇನ್ನೊಂದು ನನಗೆ ಜಾಸ್ತಿ ಇಷ್ಟ. ಸೆಟ್ಟಿಂಗಿಗೆ ಕೈಯೇ ಹಾಕಬೇಡಿ. ಪ್ರತಿ ಬಿಂದುವಿಗೆ ಮೊದಲು "_ನಾನ್" ಅಂತ ಸೇರಿಸಿ. ಈ ಒಂದು ಬಿಂದುವಿಗೆ ಆಸ್‌ನ್ಯಾಪ್ ಬೇಡ ಅಂತ ಅದರ ಅರ್ಥ. ಮೇಲೆ ಕೊಪ್ಪಳದ ತಂಗಿಗೆ ಕೊಟ್ಟ ಕಾಲಂ ಲಿಸ್ಪಿನ ಮೂರನೆಯ ಸಾಲು ಆಗ ಹೀಗಾಗುತ್ತದೆ:

(ಕಮಾಂಡ್ "_.ರೆಕ್ಟ್ಯಾಂಗ್" "_ನಾನ್" ಪಿ "_ನಾನ್" "@9,12")

ಬೇರೆಯವರ ಸೆಟ್ಟಿಂಗ್ ಮುಟ್ಟದೆ ಕೆಲಸ ಮಾಡುವ ಲಿಸ್ಪನ್ನು ನಾನು ನಂಬುತ್ತೇನೆ. ಉಳಿದವನ್ನು ಓದಿ ನೋಡದೆ ಲೋಡ್ ಮಾಡುವುದಿಲ್ಲ.

ಪ್ರಶ್ನೆ: ಮೆಟ್ಟಿಲು ಬರೆಯುವ ಲಿಸ್ಪ್ ಒಂದನ್ನು ನಾನೇ ಬರೆದೆ. ಹತ್ತು ಅಡಿ ಎತ್ತರ, 17 ಮೆಟ್ಟಿಲು. ಎತ್ತರವನ್ನು 17ರಿಂದ ಭಾಗಿಸಿ ಒಂದೊಂದು ಮೆಟ್ಟಿಲು ಏರಿಸುತ್ತೇನೆ. ಕೊನೆಯ ಮೆಟ್ಟಿಲು ಸ್ಲ್ಯಾಬಿಗೆ ಒಂದು ಇಂಚು ಕೆಳಗೇ ನಿಲ್ಲುತ್ತದೆ. ಲೆಕ್ಕ ಎಲ್ಲಿ ತಪ್ಪಿದೆ?
— ವಿ.ಎನ್., ಸಿರುಗುಪ್ಪ

ಉತ್ತರ: ಲೆಕ್ಕ ಸರಿಯಾಗಿದೆ, ಸೊನ್ನೆ ಬಿಟ್ಟಿದ್ದೀರಿ. ಆಟೋಲಿಸ್ಪಿಗೆ ಎರಡೂ ಪೂರ್ಣ ಸಂಖ್ಯೆ ಕೊಟ್ಟರೆ ಉತ್ತರವನ್ನೂ ಪೂರ್ಣ ಸಂಖ್ಯೆಯಲ್ಲೇ ಕೊಡುತ್ತದೆ. ಉಳಿದದ್ದನ್ನು ಬಿಸಾಡುತ್ತದೆ. (/ 120 17) ಅಂದರೆ ಅದು ಹೇಳುವುದು 7. ನಿಜವಾದ ಉತ್ತರ ಸುಮಾರು 7.06. ಏಳೇಳು ಇಂಚಿನಂತೆ 17 ಮೆಟ್ಟಿಲು ಹತ್ತಿದರೆ 119 ಇಂಚು. ನಿಮ್ಮ ಒಂದು ಇಂಚು ಅಲ್ಲಿ ಹೋಯಿತು.

120 ಬದಲು 120.0 ಅಂತ ಬರೆಯಿರಿ, ಸರಿಹೋಗುತ್ತದೆ. ಬಳಸುವವರಿಂದ ಎತ್ತರ ಕೇಳುತ್ತಿದ್ದರೆ ಗೆಟ್‌ಇಂಟ್ ಬೇಡ, ಗೆಟ್‌ಡಿಸ್ಟ್ ಇರಲಿ. ಯೂನಿಟ್ ಅಡಿ-ಇಂಚಿಗೆ ಇಟ್ಟಿದ್ದರೆ ಹತ್ತು ಅಡಿ ಅಂತಲೇ ಹೊಡೆಯಬಹುದು, ಅದು 120.0 ಅಂತ ತೆಗೆದುಕೊಳ್ಳುತ್ತದೆ. ಇದನ್ನು ನೀವು ಸ್ಕ್ರೀನಿನ ಮೇಲೇ ಹಿಡಿದದ್ದು ಒಳ್ಳೆಯದಾಯಿತು. ಸೆಂಟ್ರಿಂಗ್ ಹೊಡೆದ ಮೇಲೆ ಗೊತ್ತಾಗಿದ್ದರೆ ಮೇಸ್ತ್ರಿ ನಿಮ್ಮನ್ನು ಸುಮ್ನೆ ಬಿಡುತ್ತಿರಲಿಲ್ಲ.

ಪ್ರಶ್ನೆ: ಗಣಿ ಪ್ಲಾನಿನಲ್ಲಿ ಉತ್ತರ ದಿಕ್ಕಿನ ಬಾಣ ಹಾಕಲು ಮ್ಯಾಕ್ರೋ ಬರೆಯುತ್ತಿದ್ದೇನೆ. ದೂರ, ಕೋನ ಕೊಟ್ಟರೆ ಬಿಂದು ಹೇಳುವ ಪೋಲಾರ್ ಬಳಸಿ ಕೋನ 90 ಕೊಟ್ಟೆ. ಬಾಣ ನೆಟ್ಟಗೆ ನಿಲ್ಲದೆ ಎಡಕ್ಕೆ ವಾಲುತ್ತದೆ. ಯುಸಿಎಸ್ (ಅಕ್ಷಗಳ ದಿಕ್ಕು) ನೋಡಿದೆ, ಸರಿಯಾಗೇ ಇದೆ.
— ಆರ್.ಕೆ., ಸಂಡೂರು

ಉತ್ತರ: ಗಣಿ ಪ್ಲಾನಿನಲ್ಲಿ ಉತ್ತರವೇ ವಾಲಿದರೆ ಹೇಗೆ ಸರ್! ಕಮಾಂಡ್ ಸಾಲಿನಲ್ಲಿ @50<90 ಅಂತ ಹೊಡೆದಾಗ ಅದು ಡಿಗ್ರಿ. ಆದರೆ ಲಿಸ್ಪಿನೊಳಗೆ ಕೋನ ಎಲ್ಲವೂ ರೇಡಿಯನ್, ಅಂದರೆ 180 ಡಿಗ್ರಿಗೆ ಒಂದು ಪೈ ಅನ್ನುವ ಅಳತೆ. ಅಲ್ಲಿ 90 ಅಂದರೆ ಹದಿನಾಲ್ಕು ಸುತ್ತು ಪೂರ್ತಿ ತಿರುಗಿ, ಮೇಲೆ ಸುಮಾರು 117 ಡಿಗ್ರಿಗೆ ಬಂದು ನಿಲ್ಲುತ್ತದೆ. ಅದಕ್ಕೇ ಎಡಕ್ಕೆ ವಾಲುತ್ತಿದೆ. ನೆಟ್ಟಗೆ ಬೇಕಾದರೆ (/ ಪೈ 2.0) ಕೊಡಿ. ಪೈ ಅನ್ನುವುದು ಲಿಸ್ಪಿಗೆ ಮೊದಲೇ ಗೊತ್ತು. ಬೇರೆ ಕೋನಗಳಿಗೆ ಡಿಗ್ರಿಯನ್ನು ಪೈನಿಂದ ಗುಣಿಸಿ 180.0ರಿಂದ ಭಾಗಿಸುವ ಒಂದು ಸಾಲಿನ ಡೆಫನ್ ಬರೆದಿಟ್ಟುಕೊಳ್ಳಿ. ಆಮೇಲೆ ರೇಡಿಯನ್ ಬಗ್ಗೆ ಯೋಚಿಸುವುದೇ ಬೇಡ.

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಇರುವುದು ಆಟೋಕ್ಯಾಡಿನ ಕಡಿಮೆ ಸೌಲಭ್ಯದ ಆವೃತ್ತಿ, ಎಲ್‌ಟಿ. ಲಿಸ್ಪ್ ಲೋಡ್ ಆಗುವುದೇ ಇಲ್ಲ.
— ಕೌಲ್ ಬಜಾರಿನ ಓದುಗರು, ಬಳ್ಳಾರಿ

ಉತ್ತರ: ಯಾವ ವರ್ಷದ್ದು ನೋಡಿ. ಎಲ್‌ಟಿಗೆ ಆಟೋಲಿಸ್ಪ್ ಬಂದದ್ದು 2024ರ ಆವೃತ್ತಿಯಿಂದ. ಅದಕ್ಕಿಂತ ಹಳೆಯದಾದರೆ ಬಟನ್ ಮ್ಯಾಕ್ರೋ ಮತ್ತು ಸ್ಕ್ರಿಪ್ಟ್ (ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಎರಡೇ ಗತಿ. ಮನೆ ಪ್ಲಾನಿಗೆ ಅವೇ ಧಾರಾಳ ಸಾಕು.

ಪ್ರಶ್ನೆ: ಅಕ್ಕಾ, ನಮ್ಮದು ಸರ್ವೆ ಕೆಲಸ. ತುಂಗಭದ್ರಾ ಎಡದಂಡೆ ಕಾಲುವೆ ಕಡೆಯ ತೂಬುಗಾಲುವೆಗಳ ಎಲ್-ಸೆಕ್ಷನ್ (ಕಾಲುವೆಯ ಉದ್ದಕ್ಕೂ ನೆಲದ ಏರಿಳಿತ ತೋರಿಸುವ ನಕ್ಷೆ) ಬರೆಯಬೇಕು. ಚೈನೇಜು (ಶುರುವಿನಿಂದ ದೂರ), ಲೆವೆಲ್ಲು (ಎತ್ತರ) ಎಲ್ಲ ಎಕ್ಸೆಲ್ಲಿನಲ್ಲಿ ಇದೆ. ಒಂದೊಂದೇ ಬಿಂದು ಹೊಡೆದು ಕೈ ಬಿದ್ದುಹೋಗಿದೆ. ಇದಕ್ಕೆ ಲಿಸ್ಪ್ ಕಲಿಯಲೇಬೇಕಾ?
— ಒಬ್ಬ ಸರ್ವೆಯರ್, ಸಿಂಧನೂರು

ಉತ್ತರ: ಬೇಕಾಗಿಲ್ಲ. ನಿಮ್ಮ ಅರ್ಧ ಮ್ಯಾಕ್ರೋ ಎಕ್ಸೆಲ್ಲೇ ಬರೆದುಕೊಡುತ್ತದೆ.

ಎ ಕಾಲಮ್ಮಿನಲ್ಲಿ ಚೈನೇಜು, ಬಿಯಲ್ಲಿ ಲೆವೆಲ್ಲು ಅಂದುಕೊಳ್ಳಿ. ಲೆವೆಲ್ಲನ್ನು ಹಾಗೇ ಬಳಸಿದರೆ ಗೆರೆ ಎಲ್ಲೋ ಆಕಾಶದಲ್ಲಿ ಬೀಳುತ್ತದೆ, ಏರಿಳಿತವೂ ಕಾಣುವುದಿಲ್ಲ. ಮೊದಲು ಒಂದು ಡೇಟಂ, ಅಂದರೆ ಆಧಾರದ ಎತ್ತರ ಕಳೆಯಿರಿ, ಆಮೇಲೆ ಎತ್ತರವನ್ನು ಹತ್ತು ಪಟ್ಟು ಮಾಡಿ. ಅಡ್ಡಕ್ಕೆ 1:1000, ಎತ್ತರಕ್ಕೆ 1:100 ಇರುವ ಹಾಳೆಗೆ ಇದು ಸರಿಹೊಂದುತ್ತದೆ. ಡೇಟಂ 375 ಆದರೆ ಸಿ ಕಾಲಮ್ಮಿನಲ್ಲಿ ಹೀಗೆ:

=ಎ2&","&(ಬಿ2-375)*10

ಲೆವೆಲ್ 380.25 ಇದ್ದ ಕಡೆ ಎತ್ತರ 52.5 ಅಂತ ಬರುತ್ತದೆ. ಇದನ್ನು ಕೆಳಗಿನವರೆಗೆ ಎಳೆಯಿರಿ. ಸಿ ಕಾಲಮ್ಮು ಪೂರ್ತಿ ಕಾಪಿ ಮಾಡಿ. ಆಟೋಕ್ಯಾಡಿನಲ್ಲಿ ಬಿಂದುಗಳನ್ನು ಸೇರಿಸಿ ಒಂದೇ ಗೆರೆ ಮಾಡುವ ಪಿಲೈನ್ ಕಮಾಂಡ್ ಕೊಟ್ಟು, ಕಮಾಂಡ್ ಸಾಲಿನಲ್ಲಿ ಪೇಸ್ಟ್ ಮಾಡಿ. ಸೆಕ್ಷನ್ ಬಿದ್ದಿರುತ್ತದೆ. ಮೊದಲ ಸಲ ನೋಡಿದಾಗ ನಗು ಬರುತ್ತದೆ, ಇಷ್ಟು ದಿನ ಏನು ಮಾಡುತ್ತಿದ್ದೆ ಅಂತ.

ಬಹಳ ಸೆಕ್ಷನ್ ಇದ್ದರೆ ಸ್ಕ್ರಿಪ್ಟ್ ಮಾಡಿ. ನೋಟ್‌ಪ್ಯಾಡಿನ ಮೊದಲ ಸಾಲು _ಪಿಲೈನ್, ಆಮೇಲೆ ಬಿಂದುಗಳು, ಆಮೇಲೆ ಒಂದು ಖಾಲಿ ಸಾಲು. ಮತ್ತೆ _ಪಿಲೈನ್, ಮುಂದಿನ ಸೆಕ್ಷನ್. ಖಾಲಿ ಸಾಲು ಅಂದರೆ ಎಂಟರ್, ಪಿಲೈನ್ ಮುಗಿಸಲು ಅದು ಬೇಕೇ ಬೇಕು. ಸ್ಕ್ರಿಪ್ಟಿನಲ್ಲಿ ಖಾಲಿ ಜಾಗವೂ ಎಂಟರೇ. ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಸ್ಪೇಸ್ ಇದ್ದರೆ ಇಡೀ ಮೆರವಣಿಗೆ ದಾರಿ ತಪ್ಪುತ್ತದೆ. ಎಲ್ಲಿ ತಪ್ಪಿತು ಅಂತ ಹುಡುಕಲು ಮತ್ತೆ ಅದೇ ಎಫ್2. ಓಡಿಸುವ ಮೊದಲು ಎಫ್3 ಒತ್ತಿ ಆಸ್‌ನ್ಯಾಪ್ ಆರಿಸಿ. ನೀವು ಕೈಯಾರೆ ಹೊಡೆದ ಬಿಂದುವಿಗೆ ಆಸ್‌ನ್ಯಾಪ್ ಅಡ್ಡ ಬರುವುದಿಲ್ಲ, ಸ್ಕ್ರಿಪ್ಟಿನಿಂದ ಬಂದ ಬಿಂದುವಿಗೆ ಬರುತ್ತದೆ.

ಫೈಲಿನ ಹೆಸರಿನ ಕೊನೆಗೆ ಎಸ್‌ಸಿಆರ್ ಇರಬೇಕು. ಸೇವ್ ಮಾಡುವಾಗ ಕೆಳಗೆ ‘ಆಲ್ ಫೈಲ್ಸ್’ ಆರಿಸದಿದ್ದರೆ ನೋಟ್‌ಪ್ಯಾಡ್ ಹಿಂದೆ ಟಿಎಕ್ಸ್‌ಟಿ ಅಂಟಿಸುತ್ತದೆ, ವಿಂಡೋಸ್ ಅದನ್ನು ಮುಚ್ಚಿಡುತ್ತದೆ, ನೀವು ಹುಡುಕಾಡುತ್ತೀರಿ. ಹಾಗೆಯೇ ಆ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ವಿಂಡೋಸಿಗೆ ಎಸ್‌ಸಿಆರ್ ಅಂದರೆ ಸ್ಕ್ರೀನ್ ಸೇವರ್. ಆಟೋಕ್ಯಾಡಿನ ಒಳಗಿಂದ ಸ್ಕ್ರಿಪ್ಟ್ ಕಮಾಂಡ್ ಕೊಟ್ಟೇ ತೆರೆಯಿರಿ.

ಪ್ರಶ್ನೆ: ಪ್ಲಾಟಿಂಗ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ತಂದ ಮೇಲೆ ನನ್ನ ಎಲ್ಲ ಫೋಲ್ಡರುಗಳಲ್ಲೂ ಅಕ್ಯಾಡ್ ಅನ್ನುವ ಹೆಸರಿನ ಲಿಸ್ಪ್ ಫೈಲ್ ಬಂದು ಕೂತಿದೆ. ಅಳಿಸಿದರೆ ಮತ್ತೆ ಬರುತ್ತದೆ. ನಾನು ಲಿಸ್ಪ್ ಬರೆದೇ ಇಲ್ಲ.
— ಎಂ.ಎ., ರಾಯಚೂರು

ಉತ್ತರ: ವೈರಸ್. ಅಕ್ಯಾಡ್ ಮತ್ತು ಅಕ್ಯಾಡ್‌ಡಾಕ್ ಅನ್ನುವ ಎರಡು ಹೆಸರಿನ ಲಿಸ್ಪ್ ಫೈಲುಗಳನ್ನು ಆಟೋಕ್ಯಾಡ್ ತಾನಾಗೇ ಲೋಡ್ ಮಾಡಿಕೊಳ್ಳುತ್ತದೆ. ನಮ್ಮ ಅನುಕೂಲಕ್ಕೆ ಮಾಡಿದ ಏರ್ಪಾಡು ಅದು. ಡ್ರಾಯಿಂಗ್ ಇರುವ ಫೋಲ್ಡರಿನಲ್ಲೇ ಇಂಥ ಫೈಲ್ ಇಟ್ಟರೆ, ಡ್ರಾಯಿಂಗ್ ತೆರೆದ ಕೂಡಲೇ ಅದೂ ಓಡುತ್ತದೆ, ಮುಂದಿನ ಫೋಲ್ಡರಿಗೆ ತನ್ನನ್ನೇ ಕಾಪಿ ಮಾಡಿಕೊಳ್ಳುತ್ತದೆ. 2012ರಲ್ಲಿ ಪೆರು ದೇಶದಲ್ಲಿ ಹೀಗೇ ಒಂದು ಹರಡಿತ್ತು. ಇಸೆಟ್ ಅನ್ನುವ ಆಂಟಿವೈರಸ್ ಕಂಪನಿ ಅದನ್ನು ಪತ್ತೆ ಹಚ್ಚಿ ಮೆಡ್ರೆ ಅಂತ ಹೆಸರಿಟ್ಟಿತು. ಆಟೋಲಿಸ್ಪಿನಲ್ಲೇ ಬರೆದಿದ್ದ ಅದು, ತೆರೆದ ಡ್ರಾಯಿಂಗುಗಳನ್ನು ಸದ್ದಿಲ್ಲದೆ ಚೀನಾದ ಇಮೇಲ್ ವಿಳಾಸಗಳಿಗೆ ಕಳಿಸುತ್ತಿತ್ತು.

ಆಟೋಕ್ಯಾಡ್ ಮುಚ್ಚಿ, ಕಂಪ್ಯೂಟರ್ ಮತ್ತು ಪೆನ್‌ಡ್ರೈವ್ ಎರಡನ್ನೂ ಆಂಟಿವೈರಸ್‌ನಿಂದ ತೊಳೆಸಿ. ಆಟೋಕ್ಯಾಡ್ ತೆರೆದಿರುವಾಗ ಅಳಿಸಿದರೆ ಉಪಯೋಗವಿಲ್ಲ. ಆಮೇಲೆ ಸೆಕ್ಯೂರ್‌ಲೋಡ್ ಅಂತ ಹೊಡೆದು ಸಂಖ್ಯೆ ನೋಡಿ. 2014ರ ಆವೃತ್ತಿಯಿಂದ ಈ ಕಾವಲು ಇದೆ. ಸಂಖ್ಯೆ 1 ಇದ್ದರೆ ಗುರುತಿಲ್ಲದ ಫೋಲ್ಡರಿನ ಲಿಸ್ಪ್ ಲೋಡ್ ಆಗುವ ಮೊದಲು ನಿಮ್ಮನ್ನು ಕೇಳುತ್ತದೆ. ಆ ಪ್ರಶ್ನೆ ಕಿರಿಕಿರಿ ಅಂತ ಕೆಲವರು 0 ಮಾಡಿಬಿಡುತ್ತಾರೆ. ಮಾಡಬೇಡಿ. ನಿಮ್ಮ ಸ್ವಂತ ಲಿಸ್ಪುಗಳಿಗೆ ಒಂದು ಫೋಲ್ಡರ್ ಮಾಡಿ, ಆಪ್ಷನ್ಸ್ ಕಿಟಕಿಯಲ್ಲಿ ಅದನ್ನು ನಂಬಿಕೆಯ ಜಾಗ ಅಂತ ಸೇರಿಸಿ. ಅಂಗಡಿಗೆ ಇನ್ನು ಮುಂದೆ ಪಿಡಿಎಫ್ ಕೊಡಿ, ಡ್ರಾಯಿಂಗ್ ಕೊಡಬೇಡಿ.

ಪ್ರಶ್ನೆ: ಲಿಸ್ಪಿನಿಂದ ಕನ್ನಡದಲ್ಲಿ ‘ಅಡುಗೆ ಮನೆ’, ‘ಪಡಸಾಲೆ’ ಅಂತ ಹಾಕಲು ಹೋದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ.
— ಜಿ.ಪಿ., ಲಿಂಗಸುಗೂರು

ಉತ್ತರ: ಎರಡು ಕಡೆ ನೋಡಿ. ಟೆಕ್ಸ್ಟ್ ಸ್ಟೈಲಿನಲ್ಲಿ ಎಸ್‌ಎಚ್‌ಎಕ್ಸ್ ಫಾಂಟ್ ಇದ್ದರೆ ಅದರಲ್ಲಿ ಕನ್ನಡ ಇಲ್ಲ. ತುಂಗಾ ಅಥವಾ ನಿರ್ಮಲಾ ಯುಐ ಫಾಂಟ್ ಆರಿಸಿ. ಅದು ಸರಿಯಿದ್ದರೆ ತೊಂದರೆ ಲಿಸ್ಪ್ ಫೈಲಿನದು. ಯೂನಿಕೋಡ್ ಅಕ್ಷರ ಲಿಸ್ಪಿಗೆ ಪೂರ್ತಿಯಾಗಿ ತಿಳಿಯಲು ಶುರುವಾದದ್ದು 2021ರ ಆವೃತ್ತಿಯಿಂದ, ಅದೂ ಲಿಸ್ಪ್‌ಸಿಸ್ ಅನ್ನುವ ಸೆಟ್ಟಿಂಗ್ 1 ಇದ್ದಾಗ. ಫೈಲನ್ನು ಯುಟಿಎಫ್-8ರಲ್ಲಿ ಸೇವ್ ಮಾಡಿ. ಹಳೆಯ ಆವೃತ್ತಿಯಲ್ಲಿ ಒಂದೊಂದು ಅಕ್ಷರಕ್ಕೂ ಅದರ ಯೂನಿಕೋಡ್ ಸಂಖ್ಯೆ ಬರೆಯಬೇಕು. ‘ಕ’ ಅಕ್ಷರಕ್ಕೆ \\ಯು+0ಸಿ95, ಲಿಸ್ಪಿನೊಳಗೆ ಹಿಂದಿನ ಗೆರೆ ಎರಡು ಸಲ. ಅಷ್ಟು ಕಷ್ಟ ಪಡುವ ಬದಲು ಹೆಸರುಗಳನ್ನು ಬ್ಲಾಕ್ (ಒಂದೇ ತುಂಡಾಗಿ ಉಳಿಸಿದ ಚಿತ್ರ) ಮಾಡಿಟ್ಟು, ಲಿಸ್ಪಿನಿಂದ ಬ್ಲಾಕನ್ನು ತಂದು ಕೂರಿಸಿ ಅನ್ನುತ್ತೇನೆ ನಾನು.

ಪ್ರಶ್ನೆ: ಅಕ್ಕಾ, ನಾನು ಡಿಪ್ಲೊಮಾ ವಿದ್ಯಾರ್ಥಿ. ಮನೆಯ ಕಂಪ್ಯೂಟರಿನಲ್ಲಿ ಕಲಿಯಬೇಕು, ಸಾಫ್ಟ್‌ವೇರ್ ಕೊಳ್ಳಲು ದುಡ್ಡಿಲ್ಲ. ಇನ್ನೊಂದು, ಈಗ ಎಐಗೆ ಕೇಳಿದರೆ ಲಿಸ್ಪ್ ಬರೆದು ಕೊಡುತ್ತದಲ್ಲ, ಕಲಿಯುವುದು ಯಾಕೆ ಅಂತ ಗೆಳೆಯರು ನಗುತ್ತಾರೆ.
— ಒಬ್ಬ ವಿದ್ಯಾರ್ಥಿ, ಬಳ್ಳಾರಿ

ಉತ್ತರ: ತಮ್ಮಾ, ದುಡ್ಡಿನ ಚಿಂತೆ ಬಿಡು. ವಿದ್ಯಾರ್ಥಿಗಳಿಗೆ ಆಟೋಡೆಸ್ಕ್ ಕಂಪನಿಯೇ ಆಟೋಕ್ಯಾಡ್ ಪುಕ್ಕಟೆ ಕೊಡುತ್ತದೆ. ಕಾಲೇಜಿನ ದಾಖಲೆ ತೋರಿಸಬೇಕು, ವರ್ಷಕ್ಕೊಮ್ಮೆ ನವೀಕರಿಸಬೇಕು. ಅದರಲ್ಲಿ ದುಡ್ಡು ತಗೊಂಡು ಯಾರದ್ದೂ ಪ್ಲಾನು ಮಾಡುವ ಹಾಗಿಲ್ಲ, ನೆನಪಿರಲಿ. ಫ್ರೀಕ್ಯಾಡ್ ಅಂತ ಇನ್ನೊಂದಿದೆ, ಅದು ಎಲ್ಲರಿಗೂ ಉಚಿತ. ಅದರಲ್ಲಿ ನೀನು ಮಾಡಿದ ಕೆಲಸವನ್ನು ರೆಕಾರ್ಡ್ ಮಾಡಿಕೊಂಡು ಪೈಥಾನ್ ಮ್ಯಾಕ್ರೋ ಆಗಿ ಬರೆದುಕೊಡುವ ಬಟನ್ನೇ ಇದೆ. ನೀನು ಏನು ಮಾಡಿದೆ, ಅದು ಏನು ಬರೆಯಿತು ಅಂತ ಪಕ್ಕಪಕ್ಕ ಇಟ್ಟು ಓದು. ಅದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಡ.

ಎಐ ವಿಷಯ. ಕೇಳು, ತಪ್ಪೇನಿಲ್ಲ, ನಾನೂ ಕೇಳುತ್ತೇನೆ. ಆದರೆ ಲಿಸ್ಪ್ ಅನ್ನುವ ಹೆಸರಿನಲ್ಲಿ ಹಲವು ಭಾಷೆಗಳಿವೆ, ಅದು ಒಂದರ ಮಾತನ್ನು ಇನ್ನೊಂದಕ್ಕೆ ಸೇರಿಸಿಬಿಡುವುದುಂಟು. ಕಾಮನ್ ಲಿಸ್ಪಿನಲ್ಲಿ ಡೂಟೈಮ್ಸ್ ಅಂತ ಒಂದಿದೆ, ಒಂದೇ ಕೆಲಸವನ್ನು ಇಷ್ಟು ಸಲ ಮಾಡು ಅನ್ನಲು. ಆಟೋಲಿಸ್ಪಿನಲ್ಲಿ ಅದಿಲ್ಲ, ಇರುವುದು ರಿಪೀಟ್. ಓಡಿಸಿದರೆ ‘ನೋ ಫಂಕ್ಷನ್ ಡೆಫಿನಿಷನ್’ ಅಂತ ನಿಲ್ಲುತ್ತದೆ. ನಿಂತರೆ ಪರವಾಗಿಲ್ಲ, ಗೊತ್ತಾದರೂ ಆಗುತ್ತದೆ. ಮೇಲೆ ಸಿರುಗುಪ್ಪದವರ ಮೆಟ್ಟಿಲಿನ ಹಾಗೆ ನಿಲ್ಲದೆ ಓಡಿ ಒಂದು ಇಂಚು ತಪ್ಪು ಬರೆದರೆ? ಅದನ್ನು ಹಿಡಿಯಲು ನಿನಗೇ ಓದಲು ಬರಬೇಕು. ಗೆಳೆಯರು ನಗಲಿ ಬಿಡು, ಪ್ಲಾನಿನ ಕೆಳಗೆ ಇರುವುದು ಅವರ ಹೆಸರಲ್ಲವಲ್ಲ.

ಯಾರೇ ಬರೆದ ಲಿಸ್ಪ್ ಆಗಲಿ, ಮೊದಲು ಖಾಲಿ ಡ್ರಾಯಿಂಗಿನಲ್ಲಿ ಓಡಿಸು. ಅಸಲಿ ಡ್ರಾಯಿಂಗಿಗೆ ಬಂದಾಗ ಅನ್‌ಡು ಕಮಾಂಡ್ ಕೊಟ್ಟು ಮಾರ್ಕ್ ಆರಿಸು. ಏನಾದರೂ ಎಡವಟ್ಟಾದರೆ ಅನ್‌ಡು, ಬ್ಯಾಕ್ ಅಂದರೆ ಆ ಗುರುತಿನವರೆಗೆ ಎಲ್ಲವೂ ವಾಪಸ್ ಬರುತ್ತದೆ. ಅರ್ಥವಾಗದ ಸಾಲು ಇದ್ದರೆ ಫೈಲನ್ನು ನನಗೆ ಕಳಿಸು, ಯಾವ ಆವೃತ್ತಿ ಅಂತಲೂ ಬರೆ. ಸ್ಕ್ರೀನಿನ ಫೋಟೋ ತೆಗೆದು ಕಳಿಸಬೇಡ, ಅದರಲ್ಲಿ ಬ್ರಾಕೆಟ್ ಎಣಿಸಲು ಆಗುವುದಿಲ್ಲ.